ಮೂವತ್ತೇಳನೆಯ ಪುಟದ ಮೆಟ್ಟಿಲು

ನಂಜೇಶ್ ತನ್ನ ಕೈಯಾರೆ ಅಳಿಸಿದ್ದ ಪುಟ ಮೂರನೆಯ ಸಲ ಹಿಂದಿರುಗಿ ಬಂದಿತು.

ಎರಡು ಸಾವಿರದ ಎರಡನೆಯ ಇಸವಿಯ ಕಾರ್ತೀಕ. ಕಪಿಲೆಯ ಮೇಲಿನ ಮಂಜು ಇನ್ನೂ ನಂಜನಗೂಡಿನ ಬೀದಿಗಳಲ್ಲಿ ದಾರಿ ತಪ್ಪಿದ ಹಸುವಿನಂತೆ ಅಲೆಯುತ್ತಿತ್ತು. ಟಿ. ನರಸೀಪುರದಿಂದ ಬರುವ ಮೊದಲ ಬಸ್ಸಿನ ಕಂಡಕ್ಟರ್ ಮಾದು, ಎಂದಿನಂತೆ ತನ್ನ ಚರ್ಮದ ಚೀಲದಿಂದ ಒಂದು ಫ್ಲಾಪಿಯನ್ನು ತೆಗೆದುಕೊಟ್ಟು ಹೋಗಿದ್ದ. ನಂಜೇಶ್ ತನ್ನ ಡಿಟಿಪಿ ಅಂಗಡಿಯ ಬಾಗಿಲನ್ನು ಅರ್ಧವೇ ತೆರೆದು, ಫ್ಲಾಪಿಯಲ್ಲಿದ್ದುದನ್ನೆಲ್ಲ ಕಂಪ್ಯೂಟರಿಗೆ ಇಳಿಸಿಕೊಂಡು, ಕಥೆಯ ಮೊದಲ ಪುಟವನ್ನು ತೆರೆದ.

ಪುಟದ ಕೊನೆಯಲ್ಲಿ ಅಡಿಗೆರೆಯಿದ್ದ ಎರಡು ನೀಲಿ ಸಾಲುಗಳು. ಒಂದನ್ನು ಒತ್ತಿದರೆ ಒಂದು ದಾರಿ, ಇನ್ನೊಂದನ್ನು ಒತ್ತಿದರೆ ಮತ್ತೊಂದು. ಅವನು ಎಡದ್ದನ್ನು ಒತ್ತಿದ. ಆಮೇಲೆ ಬಲದ್ದು. ಮತ್ತೆ ಎಡದ್ದು, ಮತ್ತೊಮ್ಮೆ ಎಡದ್ದು. ಐದನೆಯ ಒತ್ತಿಗೆ ಮೂವತ್ತೇಳನೆಯ ಪುಟ ತೆರೆದುಕೊಂಡಿತು.

ಅಲ್ಲಿ ಬಾವಿಯ ಮೆಟ್ಟಿಲಿನ ಮೇಲೆ ಕಥೆಯ ಆ ಹುಡುಗಿ ಕುಳಿತಿದ್ದಳು. ಹೋದ ವಾರ ಮೂರನೆಯ ಮೆಟ್ಟಿಲಿನಲ್ಲಿದ್ದವಳು ಈ ವಾರ ನಾಲ್ಕನೆಯದರಲ್ಲಿದ್ದಳು.

ನಂಜೇಶ್ ಅರ್ಧ ತೆರೆದ ಬಾಗಿಲಿನ ಕಡೆ ತಿರುಗಿ ನೋಡಿದ.

ಇದು ಇಬ್ಬರು ಕೂಡಿ ಬರೆಯುತ್ತಿದ್ದ ಕಥೆ. ನರಸೀಪುರದ ನಿವೃತ್ತ ಹೆಡ್‌ಮಾಸ್ಟರ್ ಗೋವಿಂದಯ್ಯನವರಿಗೆ ವಯಸ್ಸು ಅರವತ್ತೆರಡಾದರೂ ಹುಚ್ಚು ಇಪ್ಪತ್ತೆರಡರದು. ಮೈಸೂರಿನ ಗೆಳೆಯರ ಬಳಗವೊಂದು ಸಿ.ಡಿ. ಮಾಡಿ ಹಂಚುವುದಾದರೆ, ಮೊದಲೂ ಕೊನೆಯೂ ಇಲ್ಲದ, ಓದುವವನೇ ದಾರಿಯನ್ನು ಆರಿಸಿಕೊಳ್ಳುವ ಒಂದು ಕನ್ನಡ ಕಥೆಯನ್ನು ಬರೆಯಿಸಿಕೊಡುತ್ತೇನೆಂದು ಅವರು ಮಾತು ಕೊಟ್ಟಿದ್ದರು. ಅದಕ್ಕಾಗಿ ಹುಡುಕಿ ಹಿಡಿದವರು ಇಬ್ಬರು: ನಂಜನಗೂಡಿನಲ್ಲಿ ಲಗ್ನಪತ್ರಿಕೆ ಅಚ್ಚು ಹಾಕಿಕೊಡುವ ನಂಜೇಶ್, ನರಸೀಪುರದ ಕಂಪ್ಯೂಟರ್ ಸೆಂಟರಿನಲ್ಲಿ ಪಾಠ ಹೇಳುವ ಸಂಘಮಿತ್ರಾ.

ಕಥೆ ತಲಕಾಡಿನದು. ಮರಳಿನಡಿಯಲ್ಲಿ ಹೂತುಹೋದ ಒಂದು ಮನೆಯೊಳಕ್ಕೆ ಒಬ್ಬ ಯುವಕ ಇಳಿಯುತ್ತಾನೆ. ಪುಟವೊಂದು ಕೋಣೆ, ನೀಲಿ ಸಾಲಿನ ಕೊಂಡಿಯೊಂದು ಬಾಗಿಲು. ಇಂಥ ಎಂಬತ್ತು ಕೋಣೆಗಳು. ಗೋವಿಂದಯ್ಯನವರು ಅದನ್ನು ತಮ್ಮ ನಾಲ್ವರು ಸ್ನೇಹಿತರಿಗೆ ಓದಿಸಿ ನೋಡಿದಾಗ, ನಾಲ್ವರೂ ಮೂರೇ ಕೋಣೆಗಳಲ್ಲಿ ಗಾಣದೆತ್ತಿನಂತೆ ಸುತ್ತಿ ಸುಸ್ತಾಗಿ ಎದ್ದು ಹೋದರಂತೆ. "ದಾರಿಗಳನ್ನೆಲ್ಲ ಬಿಚ್ಚಿ ಇನ್ನೊಂದ್ಸಲ ಕಟ್ಟಯ್ಯ," ಎಂದಿದ್ದರು ಮೇಷ್ಟ್ರು. "ಓದೋನು ದಾರಿ ತಪ್ಪಬೇಕು, ನಿಜ. ಆದ್ರೆ ತಪ್ಪಿದ್ದು ಅವನಿಗೆ ಗೊತ್ತಾಗಬೇಕು." ಕಾರ್ತೀಕದ ಕೊನೆಗೆ ಕಥೆ ಮೈಸೂರಿಗೆ ಹೋಗಬೇಕಿತ್ತು.

ಹೀಗೆ ಕೊಂಡಿಗಳನ್ನು ಬಿಚ್ಚಿ ಕಟ್ಟುವ ಕೆಲಸ ನಂಜೇಶನ ಪಾಲಿಗೆ ಬಂತು. ಅಂಗಡಿಯ ಗೋಡೆಯ ತುಂಬ, ಉಳಿದ ಲಗ್ನಪತ್ರಿಕೆಗಳ ಬೆನ್ನ ಮೇಲೆ ಪುಟಗಳ ಸಂಖ್ಯೆ ಬರೆದು ಅಂಟಿಸಿದ್ದ. ಪತ್ರಿಕೆಗಳಿಗೆ ಕಟ್ಟುವ ಕೆಂಪು ದಾರವನ್ನೇ ಒಂದರಿಂದ ಒಂದಕ್ಕೆ ಎಳೆದು ಗುಂಡುಸೂಜಿ ಚುಚ್ಚಿದ್ದ. ಮದುವೆಯ ಕಾಗದ ಮಾಡಿಸಲು ಬಂದವರು ಆ ಗೋಡೆಯನ್ನು ನೋಡಿ, ಇದು ಯಾರ ಮನೆಯ ವಂಶವೃಕ್ಷ ಎಂದು ಕೇಳುತ್ತಿದ್ದರು.

ಸಂಘಮಿತ್ರಾಳನ್ನು ಅವನು ಮೊದಲು ಕಂಡದ್ದು ಗೋವಿಂದಯ್ಯನವರ ಜಗಲಿಯಲ್ಲಿ. ಸಾಸಿವೆ ಬಣ್ಣದ ಚೂಡಿದಾರ, ಜಡೆಯಲ್ಲಿ ಮರೆತು ಸಿಕ್ಕಿಸಿಕೊಂಡ ಪೆನ್ನು. ಅವನು ತನ್ನ ವಿಸಿಟಿಂಗ್ ಕಾರ್ಡನ್ನು ಕೊಟ್ಟ. "ಚಿಕ್ಕಬಸಪ್ಪನವರ ಬಾಳೆಮಂಡಿಯ ಎದುರು" ಎಂಬ ವಿಳಾಸದ ಸಾಲಿನ ಮೇಲೆ ಅವಳ ಕಣ್ಣು ನಿಂತಿತು.

"ಅವರ ಕಡೆಯವರಾ ನೀವು?"

"ಮಗ," ಎಂದ ನಂಜೇಶ್.

ಅವಳು ಅವನ ಮುಖವನ್ನು ನೋಡಲಿಲ್ಲ. ಅವನ ಬಲಗೈಯನ್ನು ನೋಡಿದಳು. ಬಹಳ ಹೊತ್ತು, ಓದುವಂತೆ ನೋಡಿದಳು. ಆಮೇಲೆ ಕಣ್ಣೆತ್ತಿ ನಕ್ಕಳು. ಆ ನಗು ಅವನಿಗೆ ಅರ್ಥವಾಗಲಿಲ್ಲ, ಆದರೆ ಬಸ್ಸು ಹತ್ತಿದ ಮೇಲೂ ಅವನನ್ನು ಬಿಡಲಿಲ್ಲ.

ಅಂದಿನಿಂದ ಫ್ಲಾಪಿ ಓಡಾಡತೊಡಗಿತು. ಪುಟವನ್ನು ಬರೆಯುವವರಷ್ಟೇ ಬಲ್ಲ ಒಂದು ಗುಟ್ಟಿದೆ. ಕೆಲವು ಚಿಹ್ನೆಗಳ ನಡುವೆ ಬರೆದ ಮಾತು ಓದುವವನ ಪರದೆಯ ಮೇಲೆ ಮೂಡುವುದೇ ಇಲ್ಲ. ಪುಟದ ಒಳಮೈಯನ್ನು ಬಿಚ್ಚಿ ನೋಡಿದವನಿಗೆ ಮಾತ್ರ ಅದು ಕಾಣುತ್ತದೆ. ಕೆಲಸದ ಟಿಪ್ಪಣಿಗಾಗಿ ಇರುವ ಆ ಜಾಗದಲ್ಲಿ ಸಂಘಮಿತ್ರಾ ಇಂಗ್ಲಿಷ್ ಅಕ್ಷರಗಳಲ್ಲಿ ಕನ್ನಡ ಬರೆದು ಅವನನ್ನು ಕೆಣಕತೊಡಗಿದಳು. ಹದಿನಾಲ್ಕನೆಯ ಪುಟದಲ್ಲಿ ನಿಮ್ಮ ನಾಯಕ ಐದು ಸಲ ನಿಟ್ಟುಸಿರು ಬಿಟ್ಟಿದ್ದಾನೆ, ಅವನಿಗೆ ದಮ್ಮಿನ ಕಾಯಿಲೆಯೇ ಎಂದು ಕೇಳಿದಳು. ಹತ್ತಿರದಲ್ಲಿ ಒಬ್ಬಳು ಪೆನ್ನನ್ನು ಜಡೆಗೆ ಸಿಕ್ಕಿಸಿಕೊಂಡು ಊರೆಲ್ಲ ಹುಡುಕುತ್ತಿದ್ದರೆ ಯಾರಿಗಾದರೂ ನಿಟ್ಟುಸಿರು ಬರುತ್ತದೆ ಎಂದು ಅವನು ಉತ್ತರಿಸಿದ. ಮುಂದಿನ ಫ್ಲಾಪಿಯ ಒಳಮೈಯಲ್ಲಿ ಒಂದೇ ಸಾಲಿತ್ತು: ಪೆನ್ನು ಸಿಕ್ಕಿತು.

ತಿಂಗಳಿಗೆರಡು ಭಾನುವಾರ ಅವನು ನರಸೀಪುರಕ್ಕೆ ಹೋಗುತ್ತಿದ್ದ. ಸಂಗಮದ ಸೋಪಾನಗಳ ಮೇಲೆ ಅವಳು ಕಡಲೆಕಾಯಿ ಸಿಪ್ಪೆಗಳನ್ನು ಪುಟಗಳಂತೆ ಜೋಡಿಸಿ ದಾರಿ ತೋರಿಸುತ್ತಿದ್ದಳು. ಗಾಳಿ ಬೀಸಿದರೆ ಇಬ್ಬರ ಕೈಯೂ ಒಂದೇ ಸಿಪ್ಪೆಯ ಮೇಲೆ ಬೀಳುತ್ತಿತ್ತು. ಕೈ ಹಿಂತೆಗೆಯುವುದರಲ್ಲಿ ಯಾರು ಮೊದಲು ಎಂಬ ಆಟದಲ್ಲಿ ಯಾರೂ ಗೆಲ್ಲುತ್ತಿರಲಿಲ್ಲ.

"ನಿಮ್ಮೂರಿನ ನೀರೇ ಇಲ್ಲಿಗೆ ಬರೋದು," ಎಂದಳು ಒಮ್ಮೆ, ಕಪಿಲೆಯ ಕಡೆ ತಿರುಗಿ. "ನೀವು ಬರದೇ ಇದ್ರೂ ಅದು ಬರ್ತದೆ."

ಅಷ್ಟು ಚೆಲುವಾಗಿ ಸಾಗುತ್ತಿದ್ದ ದಾರಿಯಲ್ಲಿ ಮೂವತ್ತೇಳನೆಯ ಪುಟ ಎದುರಾಯಿತು.

ಅದನ್ನು ಬರೆದವಳು ಅವಳೇ. ಮರಳಿನಡಿಯ ಮನೆಯ ಹಿತ್ತಲಲ್ಲಿ ಒಂದು ಬಾವಿ, ಅದಕ್ಕೆ ಹನ್ನೆರಡು ಮೆಟ್ಟಿಲು. ಕೆಳಗಿನ ಮೊದಲ ಮೆಟ್ಟಿಲಿನಲ್ಲಿ ಒಬ್ಬ ಹುಡುಗಿ ಬೆನ್ನು ಮಾಡಿ ಕುಳಿತಿದ್ದಾಳೆ. ಯುವಕ ಹತ್ತಿರ ಹೋದಾಗ ತಿರುಗದೆಯೇ ಕೇಳುತ್ತಾಳೆ: ನಾನು ನಿಮ್ಮ ಮನೆಗೆ ಬಂದರೆ ಯಾವ ಲೋಟದಲ್ಲಿ ನೀರು ಕೊಡುತ್ತೀರಿ? ಒಳಗಿನದರಲ್ಲಿಯೋ, ನುಗ್ಗೆಮರದ ಪಕ್ಕದ ಗೋಡೆಯ ಮೇಲೆ ಬೋರಲು ಹಾಕಿರುವುದರಲ್ಲಿಯೋ, ಅಂಚು ಎಡಗಡೆ ನೆಗ್ಗಿದೆಯಲ್ಲ, ಅದರಲ್ಲಿಯೋ?

ಮೊದಲ ಸಲ ಓದಿದಾಗ ನಂಜೇಶ್ ಆ ಸಾಲಿಗೆ ಹಿಂದಿರುಗಿ ಇನ್ನೊಮ್ಮೆ ಓದಿದ. ಅವನ ಮನೆಯ ಹಿತ್ತಲಲ್ಲಿ ನುಗ್ಗೆಮರವಿತ್ತು. ಪಕ್ಕದ ಗೋಡೆಯ ಮೇಲೆ ಬೋರಲು ಹಾಕಿದ ಒಂದು ಲೋಟವಿತ್ತು. ಅದರ ಅಂಚು ಎಡಗಡೆ ನೆಗ್ಗಿತ್ತು. ಇದನ್ನು ಅವನು ಅವಳಿಗೆ ಎಂದೂ ಹೇಳಿರಲಿಲ್ಲ. ಅವಳು ಎಂದೂ ಅವನ ಮನೆಗೆ ಬಂದಿರಲಿಲ್ಲ.

ಪ್ರಶ್ನೆ ಕಥೆಯ ಯುವಕನಿಗೆ ಕೇಳಿದ್ದಲ್ಲವೆಂದು ತಿಳಿಯದಷ್ಟು ದಡ್ಡನೇನೂ ಅವನಲ್ಲ. ಸಂಘಮಿತ್ರಾಳ ಮನೆಯವರು ಹದಿನಾರು ಎಂಬ ಊರಿನ ಕಡೆಯವರೆಂದೂ, ಅವರ ಮನೆಯ ಗೋಡೆಯ ಮೇಲೆ ಬುದ್ಧನ ಪಟವಿರುತ್ತದೆಂದೂ, ತನ್ನ ಮನೆಯವರು ಮಠಕ್ಕೆ ನಡೆದುಕೊಳ್ಳುವವರೆಂದೂ ಅವನಿಗೆ ಗೊತ್ತಿತ್ತು. ಗೊತ್ತಿದ್ದೂ ಆ ವಿಷಯವನ್ನು ಸಿಪ್ಪೆಯ ಕೆಳಗಿನ ಇರುವೆಯಂತೆ ಮುಚ್ಚಿಟ್ಟಿದ್ದ. ಪ್ರಶ್ನೆ ಬಿಸಿ ತುಪ್ಪವಾಯಿತು, ನುಂಗುವಂತಿಲ್ಲ, ಉಗುಳುವಂತಿಲ್ಲ. ಅವನು ಮೂರನೆಯ ದಾರಿಯನ್ನು ಹಿಡಿದ. ಹೇಗೂ ಕೊಂಡಿಗಳನ್ನು ಬಿಚ್ಚಿ ಕಟ್ಟುತ್ತಿದ್ದನಲ್ಲ, ಆ ಪುಟಕ್ಕೆ ಬರುವ ಮೂರೂ ಕೊಂಡಿಗಳನ್ನು ಕಿತ್ತು, ಪುಟವನ್ನೇ ಅಳಿಸಿಬಿಟ್ಟ. ಕಥೆಗೆ ಇದು ಹೊಂದುವುದಿಲ್ಲ ಎಂದು ತನಗೆ ತಾನೇ ಹೇಳಿಕೊಂಡ. ಅವಳಿಗೆ ಹೇಳಲಿಲ್ಲ.

ಪುಟ ಮರಳಿ ಬಂತು. ಹುಡುಗಿ ಎರಡನೆಯ ಮೆಟ್ಟಿಲಿನಲ್ಲಿದ್ದಳು. ಅಳಿಸಿದ. ಮರಳಿ ಬಂತು. ಮೂರನೆಯ ಮೆಟ್ಟಿಲು. ಈಗ ನಾಲ್ಕನೆಯದು.

ಮಂಜು ಕರಗಿ ಬಿಸಿಲು ಬರುವವರೆಗೂ ಕಾದು ಅವನು ಅವಳ ಸೆಂಟರಿಗೆ ಫೋನ್ ಮಾಡಿದ.

"ಮೂವತ್ತೇಳರ ಲಿಂಕುಗಳನ್ನ ನೀವೇನಾದ್ರೂ ಮುಟ್ಟಿದ್ರಾ?"

"ನಾನ್ಯಾಕೆ ಮುಟ್ಲಿ? ಅವು ಮೊದಲಿಂದ್ಲೂ ಇದ್ದಲ್ಲೇ ಇವೆ." ಆಮೇಲೆ ಅವಳ ದನಿ ತಗ್ಗಿತು. "ನೀವು ಕಿತ್ತಿದ್ರಾ?"

ಆಗ ಅವನಿಗೆ ಅರ್ಥವಾಯಿತು. ಅವಳು ಪ್ರತಿ ವಾರವೂ ತನ್ನ ಕಡೆಯ ಇಡೀ ಕಥೆಯನ್ನು ಫ್ಲಾಪಿಗೆ ತುಂಬಿ ಕಳಿಸುತ್ತಿದ್ದಳು. ಇವನು ಇಳಿಸಿಕೊಳ್ಳುವಾಗ, ಹಳೆಯದರ ಮೇಲೆ ಹೊಸದನ್ನು ಬರೆಯಲೇ ಎಂದು ಯಂತ್ರ ಕೇಳಿದರೆ, ಎಲ್ಲದಕ್ಕೂ ಹೌದು ಎಂದು ಒತ್ತುತ್ತಿದ್ದ. ಉಳಿದ ಪುಟಗಳಂತೆ, ಕೊಂಡಿ ಕಿತ್ತ ಪುಟಗಳನ್ನೂ ಅವಳಿಗೆ ಕಳಿಸಿದ್ದರೆ ಅಲ್ಲಿಯೂ ಆ ಕೊಂಡಿಗಳು ಕಿತ್ತುಹೋಗುತ್ತಿದ್ದವು. ಹೇಳಲು ಅಂಜಿ ಬಚ್ಚಿಟ್ಟದ್ದರಿಂದಲೇ ಎಲ್ಲವೂ ಮರಳಿ ಬರುತ್ತಿತ್ತು.

ಕಥೆಯ ಕಟ್ಟಡ, ಓದುಗನ ಅನುಕೂಲ ಎಂದೆಲ್ಲ ಅವನು ತಡವರಿಸಿದ. ಅವಳು ಪೂರ್ತಿ ಕೇಳಿಸಿಕೊಂಡಳು.

"ಕಥೆಗೆ ಹೊಂದೋದಿಲ್ವಾ, ನಿಮಗೆ ಹೊಂದೋದಿಲ್ವಾ?"

"ಕಥೆಗೆ."

"ಸರಿ. ನನ್ನ ಕಡೇನೂ ಅಳಿಸ್ತೀನಿ. ಇನ್ಮೇಲೆ ಅದು ನಿಮ್ಮನ್ನ ಕಾಡೋದಿಲ್ಲ."

ಅದಾದ ಮೇಲೆ ಫ್ಲಾಪಿ ಬರಲಿಲ್ಲ. ಒಂದು ವಾರ ಕಳೆಯಿತು, ಎರಡು ವಾರ ಕಳೆಯಿತು. ನಂಜೇಶ್ ದಿನವೂ ಬಸ್‌ಸ್ಟ್ಯಾಂಡಿನಲ್ಲಿ ಮಾದುವಿನ ಚೀಲವನ್ನು ನೋಡುತ್ತ ನಿಲ್ಲುತ್ತಿದ್ದ.

"ಅಮ್ಮಾವ್ರು ಸ್ಟ್ಯಾಂಡ್ ತಾವ್ಕೆ ಬರ್ನೇ ಇಲ್ಲ ಸಾ," ಎಂದ ಮಾದು. "ಏನಾರ ಮಾತು ಬಂತಾ ಇಬ್ರಿಗೂವೆ?"

"ಕೆಲಸ ಮುಗೀತು ಮಾದು, ಅಷ್ಟೇ."

"ಕೆಲ್ಸ ಮುಗಿಸ್ದೋರ ಮೊಕ ಇಂಗಿರಾಕಿಲ್ಲ ಸಾ," ಎಂದು ಮಾದು ಸೀಟಿ ಊದಿ ಬಸ್ಸನ್ನು ಹೊರಡಿಸಿದ.

ಅವಳು ಅಳಿಸಿದ್ದಳು. ಇವನೂ ಅಳಿಸಿದ್ದ. ಫ್ಲಾಪಿಯ ಓಡಾಟವೇ ನಿಂತಿತ್ತು. ಹೀಗಿದ್ದೂ ಒಂದು ಮಧ್ಯಾಹ್ನ, ಬಿಸಿಲು ನೆತ್ತಿಗೇರಿ ಬೀದಿಯಲ್ಲಿ ನಾಯಿಯೂ ಇಲ್ಲದ ಹೊತ್ತಿನಲ್ಲಿ, ಅವನು ಹೊಸದಾಗಿ ಕಟ್ಟಿದ ದಾರಿಗಳನ್ನು ಪರೀಕ್ಷಿಸಲು ಕುಳಿತ. ಎಡ, ಬಲ, ಎಡ, ಎಡ. ಐದನೆಯ ಒತ್ತಿಗೆ ಮೂವತ್ತೇಳನೆಯ ಪುಟ ಬಂತು.

ಹುಡುಗಿ ಏಳನೆಯ ಮೆಟ್ಟಿಲಿನಲ್ಲಿ ಕುಳಿತಿದ್ದಳು.

ನಂಜೇಶ್ ಕುರ್ಚಿಯಿಂದ ಎದ್ದ. ಅಂಗಡಿಯೊಳಗೆ ಯಾವ ಸದ್ದೂ ಇರಲಿಲ್ಲ. ಗೋಡೆಯ ಕಡೆ ನೋಡಿದ. ಅವನು ಕಿತ್ತು ಕಸದ ಬುಟ್ಟಿಗೆ ಎಸೆದಿದ್ದ ಮೂವತ್ತೇಳರ ಚೀಟಿಯ ಜಾಗದಲ್ಲಿ ಬರಿಯ ಗುಂಡುಸೂಜಿ ಉಳಿದಿತ್ತು. ಸುತ್ತಲಿನ ಕೆಂಪು ದಾರಗಳೆಲ್ಲ ಸಡಿಲಗೊಂಡು ಆ ಸೂಜಿಯ ಕಡೆಗೇ ಜೋತಿದ್ದವು. ಗಾಳಿಯಿರಲಿಲ್ಲ. ದಾರಗಳು ಸ್ವಲ್ಪವೇ ಅಲುಗುತ್ತಿದ್ದವು, ಯಾರೋ ಇದೀಗ ಮುಟ್ಟಿ ಹೋದಂತೆ.

ಅವನು ಪುಟವನ್ನು ಅಳಿಸಿದ. ಮರುದಿನ ಹುಡುಗಿ ಎಂಟನೆಯ ಮೆಟ್ಟಿಲಿನಲ್ಲಿದ್ದಳು. ಕೊಂಡಿಗಳನ್ನೆಲ್ಲ ತಲೆಕೆಳಗು ಮಾಡಿ ಕಟ್ಟಿದ. ಒಂಬತ್ತು. ನಲವತ್ತೆಂಟನೆಯ ಪುಟದಿಂದ ಹೊರಟರೂ, ಎಪ್ಪತ್ತೊಂದರಿಂದ ಹೊರಟರೂ, ಐದನೆಯ ಒತ್ತಿಗೆ ಅದೇ ಬಾವಿ, ಅದೇ ಬೆನ್ನು. ಹತ್ತು. ಹುಡುಗಿಯ ಜಡೆಯ ತುದಿಯಿಂದ ಹನಿ ಬೀಳುತ್ತಿದೆಯೆಂಬ ಸಾಲೊಂದು ಹೊಸದಾಗಿ ಸೇರಿತ್ತು. ಹನ್ನೊಂದು. ಆ ದಿನ ಆಕೆಯ ಕೈ ಮೇಲಿನ ಕಲ್ಲಿನ ಮೇಲಿತ್ತು. ಪ್ರಶ್ನೆ ಮಾತ್ರ ಒಂದಕ್ಷರವೂ ಬದಲಾಗಿರಲಿಲ್ಲ.

ಇನ್ನು ಒಂದೇ ಮೆಟ್ಟಿಲು ಉಳಿದಿದೆ ಎಂದು ಅವನಿಗೆ ಹೊಳೆದಾಗ, ಭಯಕ್ಕಿಂತ ಮಿಗಿಲಾಗಿ ಇನ್ನೇನೋ ಅವನನ್ನು ಅಂಗಡಿಯಿಂದ ಎಬ್ಬಿಸಿತು. ಬೀಗ ಹಾಕಿ ನೇರವಾಗಿ ಮನೆಗೆ ನಡೆದ.

ಹಿತ್ತಲಲ್ಲಿ ಅವನ ತಾಯಿ ಗುರುಬಸಮ್ಮ ಅವರೆಕಾಯಿ ಬಿಡಿಸುತ್ತ ಕುಳಿತಿದ್ದರು. ನುಗ್ಗೆಮರದ ನೆರಳು ಗೋಡೆಯ ಮೇಲೆ ಬಿದ್ದಿತ್ತು. ಲೋಟ ಇದ್ದಲ್ಲಿಯೇ ಇತ್ತು.

ಅದು ಯಾರದೆಂದು ಅವನು ಕೇಳಿದ. ಮಂಡಿಗೆ ಗೊನೆ ಹೊರಲು ಬರುತ್ತಿದ್ದ ಹೆಂಗಸರದು, ಈಗ ಯಾರೂ ಅದರಲ್ಲಿ ಕುಡಿಯುವುದಿಲ್ಲ, ತೆಗೆಯಬೇಕೆಂದು ಯಾರಿಗೂ ತೋಚಲಿಲ್ಲ ಎಂದರು ತಾಯಿ.

"ಅಂಚು ಹೆಂಗೆ ನೆಗ್ಗಿತು ಅವ್ವ?"

ಗುರುಬಸಮ್ಮ ಕೈ ನಿಲ್ಲಿಸಿದರು. ಹದಿನಾರಿನಿಂದ ಮರಿತಾಯಮ್ಮ ಎಂಬ ಹೆಂಗಸು ಕೆಲಸಕ್ಕೆ ಬರುತ್ತಿದ್ದುದನ್ನು, ಬೇಸಿಗೆ ರಜೆಯಲ್ಲಿ ಒಮ್ಮೆ ಮೊಮ್ಮಗಳನ್ನು ಕರೆತಂದದ್ದನ್ನು ಹೇಳಿದರು. ಬಾಯಾರಿದ ಮಗು ಅಡುಗೆಮನೆಯ ಹೊಸಿಲಿನವರೆಗೆ ಬಂದು ಒಳಗಿನ ಲೋಟಕ್ಕೆ ಕೈ ಚಾಚಿತಂತೆ. ಚಿಕ್ಕಬಸಪ್ಪನವರು ಗದರಿದ ರಭಸಕ್ಕೆ, ಮರಿತಾಯಮ್ಮ ಓಡಿಬಂದು ತುಂಬಿ ಕೊಟ್ಟಿದ್ದ ಹೊರಗಿನ ಲೋಟವನ್ನು ಮಗು ಒಗೆಯುವ ಕಲ್ಲಿನ ಮೇಲೆ ಬಿಟ್ಟುಬಿಟ್ಟಿತಂತೆ.

"ಅಳ್ನಿಲ್ಲ ಕಣಪ್ಪ ಆ ಮಗ," ಎಂದರು ಗುರುಬಸಮ್ಮ. "ನೀರೂ ಕುಡೀನಿಲ್ಲ. ಸಂಜೆಗಂಟ ಆ ಕೆಳಗಿನ ಮೆಟ್ಲ ಮೇಲೆ ಬೆನ್ನು ಮಾಡ್ಕೊಂಡು ಕೂತಿತ್ತು. ನಮ್ಮೋರಂಗಲ್ಲ ಅದ್ರ ಹೆಸರು, ದೊಡ್ಡ ಹೆಸರು. ಮರ್ತೋಗಿದೆ."

ನಂಜೇಶನಿಗೆ ಹೆಸರು ಬೇಕಿರಲಿಲ್ಲ. ಹಿತ್ತಲಿನ ಮೂರು ಮೆಟ್ಟಿಲುಗಳನ್ನು ನೋಡುತ್ತ ನಿಂತವನೊಳಗೆ, ಹೂತಿದ್ದ ಒಂದು ಕೋಣೆಯ ಬಾಗಿಲು ತಾನಾಗಿ ತೆರೆದುಕೊಂಡಿತು. ಅಂದು ಅವನಿಗೆ ಒಂಬತ್ತು ವರ್ಷ. ಅಡುಗೆಮನೆಯ ಕಿಟಕಿಯ ಬಳಿ ನಿಂತಿದ್ದ. ಅಪ್ಪ ತಾನಾಗಿ ನೋಡಿರಲಿಲ್ಲ. ಅಪ್ಪ, ಆ ಹುಡುಗಿ ನಮ್ಮ ಲೋಟ ಮುಟ್ಟಿದಳು ಎಂದು ಬಲಗೈ ಚಾಚಿ ತೋರಿಸಿದ್ದು ಅವನೇ.

ಅವನು ಗೋಡೆಯ ಮೇಲಿನ ಲೋಟವನ್ನು ತೆಗೆದುಕೊಂಡ. ಏನ್ಲಾ ಅದು, ಎಲ್ಲಿಗೆ ಎಂದು ತಾಯಿ ಕೇಳುತ್ತಿದ್ದಂತೆಯೇ ಹಳೆಯ ಪತ್ರಿಕೆಯಲ್ಲಿ ಸುತ್ತಿ, ಮಾದುವಿನ ಬಸ್ಸು ಹತ್ತಿದ.

ಸಂಘಮಿತ್ರಾ ಸೆಂಟರಿನಿಂದ ಹೊರಬಂದಾಗ ಅವಳ ಜಡೆಯಲ್ಲಿ ಪೆನ್ನು ಇರಲಿಲ್ಲ. ಏನನ್ನೂ ಕೇಳದೆ ಅವನ ಜೊತೆ ಸಂಗಮದವರೆಗೆ ನಡೆದಳು. ನೀರು ಇಳಿದಿತ್ತು. ಎರಡು ನದಿಗಳು ಕೂಡುವಲ್ಲಿ ಒಂದು ಗೆರೆ ಮಾತ್ರ ನಡುಗುತ್ತಿತ್ತು. ಅವನು ಪೊಟ್ಟಣವನ್ನು ಬಿಚ್ಚಿ ಇಬ್ಬರ ನಡುವೆ ಇಟ್ಟ.

ಅವಳು ಲೋಟವನ್ನು ಮುಟ್ಟಲಿಲ್ಲ. ನೆಗ್ಗಿದ ಅಂಚನ್ನು ನೋಡಿದಳು.

"ಕಥೆಗೋಸ್ಕರ ಕೀಳ್ಲಿಲ್ಲ ನಾನು," ಎಂದ ನಂಜೇಶ್. "ಉತ್ತರ ಕೊಡೋಕೆ ಧೈರ್ಯ ಇರಲಿಲ್ಲ, ಅದಕ್ಕೇ ಕಿತ್ತೆ. ಇನ್ನೂ ಒಂದಿದೆ. ಅವತ್ತು ಗದರಿದ್ದು ನಮ್ಮಪ್ಪ. ತೋರಿಸಿಕೊಟ್ಟದ್ದು ನಾನು."

"ಗೊತ್ತು."

"ಯಾವಾಗಿಂದ?"

"ಮೇಷ್ಟ್ರ ಜಗಲೀಲಿ ಕಾರ್ಡ್ ಕೊಟ್ರಲ್ಲ, ಆವಾಗ್ಲೇ. ಕೈ ನೋಡ್ದೆ. ಬೊಟ್ಟು ಮಾಡಿದ ಕೈ." ಅವಳು ನೀರಿನ ಕಡೆ ತಿರುಗಿದಳು. "ನಿಮ್ಮನ್ನ ಚೆನ್ನಾಗಿ ಆಟ ಆಡಿಸಿ ಬಿಟ್ಟುಬಿಡೋಣ ಅಂತಲೇ ಈ ಕೆಲಸಕ್ಕೆ ಒಪ್ಕೊಂಡೆ. ಹದಿನಾಲ್ಕನೇ ಪುಟ ಓದೋ ಹೊತ್ತಿಗೆ ಕೋಪ ಮರೆತುಹೋಗಿತ್ತು. ಮರೆತದ್ದಕ್ಕೆ ನನ್ನ ಮೇಲೇ ನನಗೆ ಕೋಪ ಬಂತು. ಅದಕ್ಕೇ ಮೂವತ್ತೇಳು ಬರೆದೆ."

ಅವನು ಲೋಟವನ್ನು ತನ್ನ ಕಡೆ ಸರಿಸಿಕೊಂಡ. ಆಮೇಲೆ, ಪುಟದ ಹುಡುಗಿ ದಿನವೂ ಒಂದೊಂದು ಮೆಟ್ಟಿಲು ಹತ್ತಿ ಬಂದದ್ದನ್ನು ನೋಡಿ ಜೀವ ಹೋದಂತಾಗಿತ್ತು, ಇವತ್ತು ಹನ್ನೊಂದನೆಯದರಲ್ಲಿ ಇದ್ದಳು ಎಂದ.

ಸಂಘಮಿತ್ರಾ ಸರ್ರನೆ ಅವನ ಕಡೆ ತಿರುಗಿದಳು. "ಎಷ್ಟನೇದರಲ್ಲಿ?"

"ಹನ್ನೊಂದು."

"ನೀವು ಉತ್ತರ ಕೊಡದೇ ಇದ್ದಾಗೆಲ್ಲ ಒಂದೊಂದು ಮೆಟ್ಟಿಲು ಹತ್ತಿಸಿದ್ದು ನಾನೇ. ಆದ್ರೆ ನಾಲ್ಕಕ್ಕೇ ನಿಲ್ಲಿಸಿದೆ ನಂಜೇಶ್. ಫೋನ್ ಇಟ್ಟ ದಿನವೇ ಅಳಿಸಿದೆ. ನಾನು ಬರೆದದ್ದು ನಾಲ್ಕೇ ಮೆಟ್ಟಿಲು."

ಇಬ್ಬರೂ ತಮಗೆ ತಿಳಿಯದಂತೆ ಹತ್ತಿರ ಸರಿದರು. ಈ ಸಲ ಕೈಗಳ ನಡುವೆ ಕಡಲೆಕಾಯಿ ಸಿಪ್ಪೆಯೂ ಇರಲಿಲ್ಲ, ಹಿಂತೆಗೆಯುವ ಆಟವೂ ಇರಲಿಲ್ಲ.

"ನಿಮ್ಮನ್ನ ಬಿಟ್ಟು ನನಗೆ ಬೇರೆ ದಾರಿ ಬೇಕಿಲ್ಲ," ಎಂದ ಅವನು. ಇಷ್ಟು ದಿನ ಒಳಮೈಯಲ್ಲಿ ಬರೆದಿದ್ದನ್ನು ಮೊದಲ ಸಲ ಬೆಳಕಿನಲ್ಲಿ ಹೇಳಿದ. "ಇದನ್ನ ಹೊಳೆಗೆ ಹಾಕಿಬಿಡ್ತೀನಿ. ಇಲ್ಲ ತಲಕಾಡಿನ ಮರಳಲ್ಲಿ ಹೂತು ಬತ್ತೀನಿ."

ಅವಳು ತಲೆಯಾಡಿಸಿದಳು. "ಹೂತಿದ್ದೆಲ್ಲ ಹೆಂಗೆ ಮೇಲೆ ಬತ್ತದೆ ಅಂತ ಈಗ ನೋಡಿದ್ದೀರಲ್ಲ. ಹೂಳಬೇಡಿ, ಎಸೀಬೇಡಿ. ನಿಮ್ಮ ಅಡುಗೆಮನೇಲಿ, ಉಳಿದ ಲೋಟಗಳ ಜೊತೆ ಇಡಿ. ಅದು ಅಲ್ಲೇ ಉಳಿದ್ರೆ ಹೇಳಿ ಕಳಿಸಿ. ಬತ್ತೀನಿ."

ಅಂದು ಸಂಜೆ ನಂಜೇಶ್ ಲೋಟವನ್ನು ತೊಳೆದು ಅಡುಗೆಮನೆಯ ಹಲಗೆಯ ಮೇಲೆ, ತನ್ನ ತಂದೆಯ ಲೋಟದ ಪಕ್ಕದಲ್ಲಿ ಇಟ್ಟ. ಯಾಕೆ ಇಟ್ಟೆನೆಂದು ತಂದೆ ತಾಯಿ ಇಬ್ಬರಿಗೂ ಹೇಳಿದ. ಯಾರನ್ನು ಮದುವೆಯಾಗುತ್ತೇನೆ ಎಂಬುದನ್ನೂ ಹೇಳಿದ. ಚಿಕ್ಕಬಸಪ್ಪನವರು ಊಟದ ತಟ್ಟೆಯನ್ನು ದೂಡಿ ಎದ್ದರು. ಮರುದಿನದಿಂದ ಅವರಿಗೆ ಬುತ್ತಿ ಮಂಡಿಗೇ ಹೋಗತೊಡಗಿತು. ನಾಲ್ಕು ದಿನ ಆ ಹಲಗೆಯ ಮೇಲೆ ಗುರುಬಸಮ್ಮನವರ ಕೈ ನೆಗ್ಗಿದ ಲೋಟವನ್ನು ಮುಟ್ಟದೆ ತಪ್ಪಿಸಿ ಆಚೆಗೆ ಹೋಗುತ್ತಿತ್ತು. ಆದರೆ ಅದನ್ನು ತೆಗೆದು ಹೊರಗಿಡಲಿಲ್ಲ. ಐದನೆಯ ದಿನ ಉಳಿದವುಗಳ ಜೊತೆ ಅದನ್ನೂ ಹುಣಸೆಹಣ್ಣು ಹಾಕಿ ಬೆಳಗಿದರು. ನಂಜೇಶ್ ಮಾದುವಿನ ಕೈಯಲ್ಲಿ ಒಂದು ಫ್ಲಾಪಿಯನ್ನು ಕಳಿಸಿದ. ಅದರೊಳಗೆ ಒಂದೇ ಪುಟ, ಪುಟದೊಳಗೆ ಒಂದೇ ಸಾಲು: ಬನ್ನಿ.

ಭಾನುವಾರ ಸಂಘಮಿತ್ರಾ ಬಂದಳು. ಸಾಸಿವೆ ಬಣ್ಣದ್ದೇ ಚೂಡಿದಾರ. ಜಗಲಿಯಲ್ಲಿದ್ದ ಚಿಕ್ಕಬಸಪ್ಪನವರು ಅವಳನ್ನು ನೋಡಿದರು, ಮೆಟ್ಟು ಮೆಟ್ಟಿಕೊಂಡು ಮಂಡಿಯ ಕಡೆ ನಡೆದರು. ಅವಳು ಹೊಸಿಲಿನ ಹತ್ತಿರ ಒಂದು ಕ್ಷಣ ನಿಂತದ್ದನ್ನು ನಂಜೇಶ್ ಬಿಟ್ಟರೆ ಬೇರೆ ಯಾರೂ ಗಮನಿಸಿರಲಾರರು. ಆಮೇಲೆ ದಾಟಿದಳು.

ಗುರುಬಸಮ್ಮ ಒಳಗಿನಿಂದ ತಟ್ಟೆಯೊಂದನ್ನು ತಂದರು. ತಟ್ಟೆಯಲ್ಲಿ ಮೂರು ಲೋಟ, ಮೂರರಲ್ಲಿಯೂ ನೀರು. ಅಂಚು ನೆಗ್ಗಿದ್ದು ನಡುವೆ ಇತ್ತು. ಸಂಘಮಿತ್ರಾಳ ಕೈ ಮಡಿಲಲ್ಲಿಯೇ ಉಳಿಯಿತು.

ಗುರುಬಸಮ್ಮ ತಟ್ಟೆಯನ್ನು ಕೆಳಗಿಟ್ಟು, ನಡುವಿನ ಲೋಟವನ್ನು ತಾವೇ ಎತ್ತಿಕೊಂಡರು. ನಿಂತಂತೆಯೇ, ಎತ್ತಿ ಹುಯ್ದುಕೊಳ್ಳದೆ, ತುಟಿ ತಾಗಿಸಿ ಪೂರ್ತಿ ಕುಡಿದರು. ಸೆರಗಿನಿಂದ ಬಾಯಿ ಒರೆಸಿಕೊಂಡರು.

"ಇಷ್ಟು ವರ್ಸ ಇದ್ರಲ್ಲಿ ಕುಡಿದು ನೋಡಿರ್ನಿಲ್ಲ ನಾನು," ಎಂದರು. "ಅಂಚು ತುಟಿಗೆ ಚುಚ್ತದೆ ಕಣವ್ವ." ಆಮೇಲೆ, ಅವಳ ಮುಖ ನೋಡಲಾರದೆ ತಟ್ಟೆಯನ್ನು ನೋಡುತ್ತ, "ತಕ್ಕೊ ಮಗ. ಬಾಯಾರಿರ್ತದೆ," ಎಂದರು.

ಸಂಘಮಿತ್ರಾ ಒಳಗಿನ ಲೋಟವೊಂದನ್ನು ಎತ್ತಿಕೊಂಡಳು. ಹತ್ತೊಂಬತ್ತು ವರ್ಷದ ನೀರಡಿಕೆಯನ್ನು ಒಂದೇ ಗುಟುಕಿಗೆ ತೀರಿಸಲಾಗುವುದಿಲ್ಲ. ಅವಳು ನಿಧಾನವಾಗಿ ಕುಡಿದಳು. ಕಣ್ಣು ತುಂಬಿದ್ದರೂ ಒಂದು ಹನಿಯನ್ನೂ ಹೊರಗೆ ಬಿಡಲಿಲ್ಲ.

ಮಧ್ಯಾಹ್ನ ಇಬ್ಬರೂ ಅಂಗಡಿಗೆ ಹೋದರು. ಮರುದಿನ ಕಥೆ ಮೈಸೂರಿಗೆ ಹೋಗಬೇಕಿತ್ತು. ಮೂವತ್ತೇಳನೆಯ ಪುಟವನ್ನು ಉಳಿಸಿಕೊಳ್ಳಬೇಕು, ಅದಕ್ಕೆ ಬರುವ ದಾರಿಯ ಜೊತೆಗೆ ಅದರಿಂದ ಹೊರಗೆ ಹೋಗುವ ದಾರಿಯೂ ಇರಬೇಕು ಎಂದು ಬಸ್ಸಿಳಿದಲ್ಲಿಂದ ಅವಳು ಹೇಳುತ್ತಲೇ ಬಂದಿದ್ದಳು. ನಂಜೇಶ್ ಗೋಡೆಯ ಚೀಟಿಗಳ ಮುಂದೆ ನಿಂತು, ಹೊಸ ಚೀಟಿ ಬರೆದು, ಬರಿಯ ಸೂಜಿಗೆ ಚುಚ್ಚಿದ. ಅವಳು ಕುರ್ಚಿಯಲ್ಲಿ ಕುಳಿತು ಮೊದಲ ಪುಟವನ್ನು ತೆರೆದಳು. ಎಡ, ಬಲ, ಎಡ, ಎಡ. ಐದನೆಯ ಒತ್ತಿಗೆ ಬಾವಿ ಬಂತು.

ಮೆಟ್ಟಿಲುಗಳ ಮೇಲೆ ಯಾರೂ ಇರಲಿಲ್ಲ.

ಪ್ರಶ್ನೆಯೂ ಇರಲಿಲ್ಲ. ಹನ್ನೆರಡನೆಯ ಮೆಟ್ಟಿಲಿನಿಂದ ಒದ್ದೆ ಹೆಜ್ಜೆಗಳು ಹೊರಗೆ ಹೋಗಿವೆಯೆಂದೂ, ಬಿಸಿಲಿಗೆ ಅವು ಆರುತ್ತಿವೆಯೆಂದೂ ಎರಡು ವಾಕ್ಯಗಳಿದ್ದವು. ಕೆಳಗೆ ಒಂದೇ ಒಂದು ನೀಲಿ ಸಾಲು, ಹೊರಗಿನ ದಾರಿ.

"ನೀವಾ?" ಎಂದಳು ಸಂಘಮಿತ್ರಾ, ಪರದೆಯಿಂದ ಕಣ್ಣು ಕೀಳದೆ.

ಅವನು ಇಲ್ಲವೆಂದು ತಲೆಯಾಡಿಸಿದ. ಅವಳು ಪುಟದ ಒಳಮೈಯನ್ನು ಬಿಚ್ಚಿದಳು. ಎಂದಿನ ಗುಟ್ಟಿನ ಜಾಗದಲ್ಲಿ, ಅವಳದೂ ಅಲ್ಲದ ಅವನದೂ ಅಲ್ಲದ ಒಂದು ಸಾಲಿತ್ತು.

ನೀರು ಸಿಹಿಯಾಗಿತ್ತು.

ಬೀದಿಯಲ್ಲಿ ಮಾದುವಿನ ಬಸ್ಸಿನ ಹಾರನ್ ಕೇಳಿಸಿತು. ಅವಳು ಎದ್ದು ಹೋಗಲಿಲ್ಲ. ನಂಜೇಶ್ ಅವಳ ಹಿಂದೆ ಬಂದು ನಿಂತು, ಮೌಸಿನ ಮೇಲಿದ್ದ ಅವಳ ಕೈಯ ಮೇಲೆ ತನ್ನ ಬಲಗೈಯನ್ನು ಇಟ್ಟ. ಅವಳು ಆ ಕೈಯನ್ನು ಒಮ್ಮೆ ನೋಡಿದಳು, ಜಗಲಿಯಲ್ಲಿ ನೋಡಿದಷ್ಟೇ ಹೊತ್ತು. ಆಮೇಲೆ ಇಬ್ಬರೂ ಕೂಡಿ ಹೊರಗಿನ ದಾರಿಯ ಆ ಒಂದೇ ನೀಲಿ ಸಾಲನ್ನು ಒತ್ತಿದರು.